ಗಾಳಿ ನುಂಗಿ ಮಾತು ಕಲಿತ ಕೃಪಾವತಿ

2023ರ ಜನವರಿ. ಜಯನಗರದ ಒಂದು ಟ್ರಸ್ಟ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನಾನು ಹಿರಿಯ ಸ್ಪೀಚ್ ಥೆರಪಿಸ್ಟ್. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಮಾತು ತಡವಾದ ಮಕ್ಕಳು, ತೊದಲುವವರು, ಸ್ಟ್ರೋಕ್ ಹೊಡೆದು ಹೆಂಡತಿಯ ಹೆಸರನ್ನೂ ಮರೆತವರು, ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆಯನ್ನೇ ಕಳೆದುಕೊಂಡವರು, ಹೀಗೆ ಮಾತಿನ ತೊಂದರೆ ಇರುವವರೆಲ್ಲ ನಮ್ಮ ಎರಡನೇ ಮಹಡಿಯ ಕಿಟಕಿಯಿಲ್ಲದ ಕೋಣೆಗೆ ಬರುತ್ತಿದ್ದರು. ಮೂವತ್ತನಾಲ್ಕು ವರ್ಷ ಈ ಕೆಲಸ ಮಾಡಿದವಳಿಗೆ ತಾಳ್ಮೆ ಬೆಳೆದಿರುತ್ತದೆ ಎಂದು ಜನ ಭಾವಿಸುತ್ತಾರೆ. ನನಗೆ ಬೆಳೆದದ್ದು ತಿರಸ್ಕಾರ.

ರೋಗಿಗಳ ಬಗ್ಗೆ ಅಲ್ಲ, ಅವರ ಸುತ್ತ ನೆರೆಯುವವರ ಬಗ್ಗೆ. ಹಣ್ಣಿನ ಬುಟ್ಟಿ ಹಿಡಿದು ಬಂದು ಮಾತು ಬಾರದವರ ಮುಂದೆ ಮುಕ್ಕಾಲು ಗಂಟೆ ತಾವೇ ಮಾತಾಡುವ ನೆಂಟರು. ಗೋಡೆಗೆ ಸೂರ್ಯೋದಯದ ಚಿತ್ರ ಅಂಟಿಸಿ ‘ಭರವಸೆಯೇ ಔಷಧ’ ಎಂದು ಬರೆಸಿ, ಮೂರು ವರ್ಷದಿಂದ ಕೆಟ್ಟಿರುವ ನಮ್ಮ ರೆಕಾರ್ಡಿಂಗ್ ಯಂತ್ರವನ್ನು ಸರಿ ಮಾಡಿಸದ ಆಡಳಿತ ಮಂಡಳಿ. ಮತ್ತು ಎಲ್ಲರಿಗಿಂತ ಮೇಲೆ, ದೇವರ ಹೆಸರಿನಲ್ಲಿ ಮಾತಾಡುವವರು. ಬಸವನಗುಡಿಯಲ್ಲಿ ಮಡಿ-ಪೂಜೆಯ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ದೇವರನ್ನು ಬಿಟ್ಟು ಬಹಳ ಕಾಲವಾಗಿತ್ತು. ಹರಕೆಯ ದಾರ, ತಾಯತ, ಮಂತ್ರಿಸಿದ ನೀರು, ಎಣ್ಣೆ, ಯಾವ ಧರ್ಮದ್ದೇ ಇರಲಿ, ನನ್ನ ಮೇಜಿನ ಮೇಲೆ ಬಂದರೆ ಎರಡು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಡುತ್ತಿದ್ದೆ.

ಆ ಜನವರಿಯ ಎರಡನೇ ವಾರದಲ್ಲಿ ಕೃಪಾವತಿ ಬಂದರು. ಐವತ್ತೈದು ವರ್ಷ, ಜಯನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕನ್ನಡ ಶಿಕ್ಷಕಿ. ಗಂಡ ತೀರಿಕೊಂಡಿದ್ದರು, ಕೋಣನಕುಂಟೆಯಲ್ಲಿ ತಮ್ಮ ಜಯರಾಜನ ಮನೆಯಲ್ಲಿದ್ದರು. ಹಿಂದಿನ ಆಗಸ್ಟಿನಲ್ಲಿ ಅವರ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದಿದ್ದರು. ಆಮೇಲೆ ರೇಡಿಯೇಷನ್. ಈ ಆಪರೇಷನ್ ಆದವರು ಮೂಗಿನಿಂದ ಉಸಿರಾಡುವುದಿಲ್ಲ. ಕುತ್ತಿಗೆಯ ಕೆಳಗೆ, ಎರಡು ಮೂಳೆ ಸೇರುವಲ್ಲಿ ಒಂದು ರಂಧ್ರ ಮಾಡಿರುತ್ತಾರೆ. ಅದಕ್ಕೆ ಸ್ಟೋಮಾ ಎನ್ನುತ್ತೇವೆ. ಗಾಳಿ ಒಳಗೆ ಹೋಗುವುದೂ ಹೊರಗೆ ಬರುವುದೂ ಅಲ್ಲಿಂದಲೇ. ಬೇರೆ ದಾರಿಯಿಲ್ಲ.

ಕುತ್ತಿಗೆಗೆ ತೆಳು ಹತ್ತಿಯ ಸ್ಕಾರ್ಫ್ ಸುತ್ತಿಕೊಂಡು ಅವರು ಕುಳಿತರು. ಮಾತೆಲ್ಲ ಜಯರಾಜನದೇ. ಕೋಣನಕುಂಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಆತ ಕೆಟ್ಟವನಲ್ಲ, ಆದರೆ ಸುಮ್ಮನಿರಲು ಬಾರದವನು.

“ಅಕ್ಕ ಮಾತಾಡೇ ಆಡ್ತಾರೆ ಮೇಡಂ. ನಮ್ ಬ್ರದರ್ ಹೇಳಿದಾರೆ. ಬರೀ ಧ್ವನಿ ಅಲ್ಲ, ಪೆಟ್ಟಿಗೆನೇ ವಾಪಸ್ ಬರುತ್ತಂತೆ. ನೀವು ಸುಮ್ನೆ ಸ್ವಲ್ಪ ಎಕ್ಸರ್‌ಸೈಜ್ ಹೇಳ್ಕೊಡಿ, ಅಷ್ಟೇ.”

ಅವನ ಬ್ರದರ್ ಎಂದರೆ ಬಿಟಿಎಂ ಲೇಔಟ್‌ನಲ್ಲಿ ಭಾನುವಾರ ಮಧ್ಯಾಹ್ನ ರೋಗ ಗುಣಪಡಿಸುವ ಸಭೆ ನಡೆಸುವ ಒಬ್ಬ ಬೋಧಕ ಎಂದು ಆಮೇಲೆ ತಿಳಿಯಿತು. ನಾನು ಜಯರಾಜನನ್ನು ನೋಡುತ್ತಿದ್ದಾಗ ಕೃಪಾವತಿ ಎದ್ದು ಗೋಡೆಯ ಹತ್ತಿರ ಹೋದರು. ಅಲ್ಲಿ ನಮ್ಮ ವಿಭಾಗದ ಸೂಚನಾ ಫಲಕವಿತ್ತು. ಚೀಲದಿಂದ ಕೆಂಪು ಪೆನ್ ತೆಗೆದು ಫಲಕದ ‘ದ್ವನಿ’ ಎಂಬ ಪದವನ್ನು ‘ಧ್ವನಿ’ ಎಂದು ತಿದ್ದಿದರು. ಆರು ವರ್ಷದಿಂದ ಅದು ಹಾಗೇ ಇತ್ತು. ತಿರುಗಿ ಬಂದು ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಳ್ಳಿದರು:

“ಅವನ ಮಾತು ಬಿಡಿ. ಜೂನ್ ಮೊದಲ ವಾರ ಶಾಲೆ ತೆರೆಯುತ್ತದೆ. ಅಷ್ಟರಲ್ಲಿ ನಾನು ಪಾಠ ಮಾಡುವಷ್ಟು ಮಾತಾಡಬೇಕು. ಆಗುತ್ತದೆಯೇ?”

ಪೂರ್ಣವಿರಾಮ, ಪ್ರಶ್ನಾರ್ಥಕ ಚಿಹ್ನೆ ಎಲ್ಲ ಇದ್ದ ಜಾಗದಲ್ಲೇ ಇದ್ದವು. ನನಗೆ ಅವರು ಹಿಡಿಸಿದರು. ಆದರೆ ಆಗುತ್ತದೆ ಎನ್ನುವ ಧೈರ್ಯ ನನಗಿರಲಿಲ್ಲ.

ಧ್ವನಿಪೆಟ್ಟಿಗೆ ಹೋದವರಿಗೆ ಮೂರು ದಾರಿಗಳಿವೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಪುಟ್ಟ ಕವಾಟ ಕೂರಿಸುವುದು ಒಂದು. ರೇಡಿಯೇಷನ್‌ನಿಂದ ಅಲ್ಲಿನ ಅಂಗಾಂಶ ಹಾಳಾಗಿದ್ದರಿಂದ ಸರ್ಜನ್ ಅದಕ್ಕೆ ಒಪ್ಪಲಿಲ್ಲ. ಕುತ್ತಿಗೆಗೆ ಹಿಡಿದುಕೊಳ್ಳುವ, ಬ್ಯಾಟರಿಯಲ್ಲಿ ಗುಂಯ್‌ಗುಡುವ ಯಂತ್ರ ಇನ್ನೊಂದು. ಅವರ ಕುತ್ತಿಗೆ ಹಲಗೆಯಂತೆ ಗಟ್ಟಿಯಾಗಿತ್ತು. ಕಂಪನ ಬಾಯಿವರೆಗೆ ಹೋಗಲೇ ಇಲ್ಲ. ಉಳಿದದ್ದು ಮೂರನೆಯದು, ಅನ್ನನಾಳದ ಮಾತು. ಬಾಯಿಯಲ್ಲಿರುವ ಗಾಳಿಯನ್ನು ಅನ್ನನಾಳಕ್ಕೆ ಇಳಿಸಿ, ತೇಗಿನ ಹಾಗೆ ಮೇಲಕ್ಕೆ ತಂದು, ಆ ತೇಗನ್ನೇ ನಾಲಿಗೆ ತುಟಿಗಳಿಂದ ಅಕ್ಷರ ಮಾಡುವುದು. ಕೇಳಲು ಸುಲಭ. ಎಲ್ಲರಿಗೂ ಅದು ಬರುವುದಿಲ್ಲ. ಬಂದವರಿಗೂ ಆರೇಳು ತಿಂಗಳಾದರೂ ಬೇಕು. ಕೃಪಾವತಿಯವರ ಕೈಯಲ್ಲಿದ್ದದ್ದು ಐದು ತಿಂಗಳಿಗೂ ಕಡಿಮೆ.

ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತಕ್ಕೆ ಎಂದು ಗೊತ್ತು ಮಾಡಿದೆ. ಅವರು ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿ ಒಬ್ಬರೇ ಬರುತ್ತಿದ್ದರು. ಕುರ್ಚಿಯಲ್ಲಿ ಕುಳಿತ ಕೂಡಲೇ ಕಣ್ಣು ಮುಚ್ಚಿ, ಎರಡು ಕೈ ಮಡಿಲಲ್ಲಿಟ್ಟು, ತುಟಿ ಅಲುಗಿಸುತ್ತ ಪ್ರಾರ್ಥನೆ ಮಾಡುವರು. ಎರಡು ನಿಮಿಷ. ನಾಲ್ಕನೆಯ ದಿನ ನಾನು ಬೇಕೆಂದೇ ಗಡಿಯಾರ ನೋಡಿದೆ. ಏಳನೆಯ ದಿನ ಪೆನ್ನಿನಿಂದ ಮೇಜು ಕುಟ್ಟಿದೆ. ಹತ್ತನೆಯ ದಿನ ಬಾಯಿಬಿಟ್ಟೆ.

“ನಿಮ್ ದೇವರು ಏನು, ಹೊಸ ಗಂಟಲು ತಂದ್ಕೊಡ್ತಾನಾ? ಅವನೇ ಅಲ್ವಾ ಕ್ಯಾನ್ಸರ್ ಕೊಟ್ಟಿದ್ದು? ಅಷ್ಟು ಹೊತ್ತು ಏನು ಕೇಳ್ತೀರಿ ಅವನನ್ನ?”

ಇಷ್ಟು ವರ್ಷ ಕೆಲಸ ಮಾಡಿ, ಗಂಟಲು ಕಳೆದುಕೊಂಡ ಹೆಂಗಸಿಗೆ ನಾನು ಆಡಿದ ಮಾತು ಇದು. ಅವರು ನನ್ನನ್ನು ನೋಡಿದರು. ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ನೋಡಿ ಅಭ್ಯಾಸವಾದ ನೋಟ ಅದು. ಆಮೇಲೆ ಬರೆದರು: “ಅದು ನಿಮಗೆ ಸಂಬಂಧಿಸಿದ್ದಲ್ಲ. ಪಾಠ ಶುರು ಮಾಡಿ.”

ಶುರು ಮಾಡಿದೆ. ಏನೂ ಆಗಲಿಲ್ಲ. ಗಾಳಿ ಒಳಗೆ ಇಳಿಸಲು ಎರಡು ಕ್ರಮಗಳಿವೆ. ಗಂಟಲನ್ನು ಸಡಿಲ ಬಿಟ್ಟು, ಎದೆ ಹಿಗ್ಗಿಸಿ ಗಾಳಿಯನ್ನು ಒಳಗೆಳೆದುಕೊಳ್ಳುವುದು ಒಂದು; ನಾನು ಕಲಿತದ್ದು ಅದನ್ನೇ, ನನಗೆ ಅಭಿಮಾನವಿದ್ದದ್ದೂ ಅದರ ಮೇಲೆ. ಕ, ಟ, ಪ ಎಂಬಂಥ ಅಕ್ಷರಗಳನ್ನು ಬಿಗಿಯಾಗಿ ಒತ್ತಿ, ಆ ಒತ್ತಡದಿಂದಲೇ ಗಾಳಿಯನ್ನು ಹಿಂದಕ್ಕೆ ತಳ್ಳುವುದು ಇನ್ನೊಂದು. ನಾನು ಮೊದಲನೆಯದನ್ನೇ ಹಿಡಿದು ಕೂತೆ. ಗಾಳಿ ಇಳಿಯುತ್ತಿರಲಿಲ್ಲ. ಇಳಿದರೆ ಹೊಟ್ಟೆಗೇ ಹೋಗಿ ಉಬ್ಬರವಾಗುತ್ತಿತ್ತು. ಕೆಮ್ಮು ಬಂದರೆ ಕಫ ಸ್ಟೋಮಾದಿಂದ ಚಿಮ್ಮಿ ಸ್ಕಾರ್ಫ್ ಒದ್ದೆಯಾಗುತ್ತಿತ್ತು. ಅವರು ಅದನ್ನು ಬಿಚ್ಚಿ, ಮಡಚಿ, ಚೀಲಕ್ಕೆ ಹಾಕಿ ಇನ್ನೊಂದನ್ನು ಕಟ್ಟಿಕೊಳ್ಳುತ್ತಿದ್ದರು. ದಿನಕ್ಕೆ ನಾಲ್ಕು ಸ್ಕಾರ್ಫ್ ತರುತ್ತಿದ್ದರು. ಹತ್ತೊಂಬತ್ತು ಸಿಟ್ಟಿಂಗ್ ಆದರೂ ಒಂದು ಅಕ್ಷರ ಬರಲಿಲ್ಲ. ನಾನು ಮನಸ್ಸಿನಲ್ಲೇ ಮುಕ್ತಾಯದ ವರದಿ ಬರೆಯತೊಡಗಿದ್ದೆ.

ಫೆಬ್ರವರಿ ಕೊನೆಯಲ್ಲಿ ಒಂದು ಶುಕ್ರವಾರ, ಅವರು ಹೊರಡುವಾಗ ನನ್ನ ಕೈಗೆ ಚೀಟಿ ಕೊಟ್ಟರು. “ಭಾನುವಾರ ತಮ್ಮ ನನ್ನನ್ನು ಬಿಟಿಎಂನ ಸಭೆಗೆ ಕರೆದುಕೊಂಡು ಹೋಗುತ್ತಾನೆ. ಒಂದು ಸಲ ಬಂದರೆ ಇನ್ನು ಕೇಳುವುದಿಲ್ಲ ಎಂದಿದ್ದಾನೆ. ನೀವೂ ಬನ್ನಿ. ನನ್ನ ಗಂಟಲು ಗೊತ್ತಿರುವ ಒಬ್ಬರು ಅಲ್ಲಿರಲಿ.”

ನಾನು ಸಂತೋಷದಿಂದ ಹೋದೆ. ಯಾಕೆಂದು ಮುಚ್ಚಿಡುವುದಿಲ್ಲ: ತಮಾಷೆ ನೋಡಲು.

ಅದು ಒಂದು ಮದುವೆ ಹಾಲ್. ಮಧ್ಯಾಹ್ನ ಮೂರು ಗಂಟೆ. ಬಾಗಿಲಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಕಾರ್ಯಕರ್ತರು ಎಲ್ಲರ ಕೈಗೂ ಫಾರಂ ಕೊಡುತ್ತಿದ್ದರು. ಹೆಸರು, ಏರಿಯಾ, ಕಾಯಿಲೆ, ಎಷ್ಟು ದಿನದಿಂದ. ಜಯರಾಜ ಅಕ್ಕನ ವಿವರವನ್ನು ಎರಡೂ ಬದಿ ತುಂಬಿಸಿ ಕೊಟ್ಟ. ಒಳಗೆ ಸುಮಾರು ನಾನ್ನೂರು ಜನ. ಮನೆಗೆಲಸದವರು, ಸೆಕ್ಯುರಿಟಿ ಗಾರ್ಡುಗಳು, ಕಾಲು ಬಾರದ ಮಗುವನ್ನು ಎತ್ತಿಕೊಂಡ ತಾಯಂದಿರು. ಅವರ ಬಗ್ಗೆ ನಗುವುದಕ್ಕೆ ನನಗೂ ಆಗಲಿಲ್ಲ. ವೇದಿಕೆಯ ಪರದೆ ಮೇಲೆ ಬ್ರದರ್‌ನ ಮುಖ. ವೇದಿಕೆ ಮೇಲೆ ನೀಲಿ ಬ್ಲೇಜರ್ ಹಾಕಿಕೊಂಡ ಸ್ವತಃ ಬ್ರದರ್. ಯೇಸುವಿನ ಚಿತ್ರ ಒಂದು ಮೂಲೆಯಲ್ಲಿತ್ತು, ಸ್ಪೀಕರ್ ಪೆಟ್ಟಿಗೆಯ ಹಿಂದೆ.

ಹಾಡು ಮುಗಿದ ಮೇಲೆ ಆತ ಕಣ್ಣು ಮುಚ್ಚಿ, ಹಣೆಗೆ ಬೆರಳಿಟ್ಟುಕೊಂಡ. “ನನಗೆ ಕಾಣ್ತಾ ಇದೆ… ಒಬ್ಬ ಸಹೋದರಿ… ಗಂಟಲು… ಕೋಣನಕುಂಟೆ ಕಡೆಯಿಂದ… ಟೀಚರ್!” ಕಾಲು ಗಂಟೆ ಹಿಂದೆ ಫಾರಂನಲ್ಲಿ ಬರೆದದ್ದನ್ನು ದೇವರು ಅವನಿಗೆ ಓದಿ ಹೇಳಿದ್ದ. ಸಭೆ ಚಪ್ಪಾಳೆ ತಟ್ಟಿತು. ಜಯರಾಜ ಅಕ್ಕನ ಮೊಣಕೈ ಹಿಡಿದು ವೇದಿಕೆ ಹತ್ತಿಸಿದ.

ಆತ ಜೋರಾಗಿ ಪ್ರಾರ್ಥಿಸುತ್ತ ಹತ್ತಿರ ಬಂದು ಬಲಗೈಯನ್ನು ಅವರ ಕುತ್ತಿಗೆಯ ಮೇಲೆ ಒತ್ತಿ ಹಿಡಿದ. ಸ್ಕಾರ್ಫಿನ ಮೇಲೆ, ಸರಿಯಾಗಿ ಸ್ಟೋಮಾದ ಮೇಲೆ. ಅಂದರೆ ಮೂಗು ಬಾಯಿ ಎರಡನ್ನೂ ಒಟ್ಟಿಗೆ ಮುಚ್ಚಿದ ಹಾಗೆ. ನಾನು ಹಿಂದಿನ ಸಾಲಿನಿಂದ ಎದ್ದು ಓಡಿದೆ. ಜನ ಎದ್ದು ನಿಂತು ಕೈಯೆತ್ತಿದ್ದರು, ದಾರಿ ಸಿಗಲಿಲ್ಲ. ಕೃಪಾವತಿಯವರ ಭುಜ ಮೇಲೇರಿದ್ದು ಕಾಣಿಸಿತು. ಆತ ಅದನ್ನು ಪವಿತ್ರಾತ್ಮನ ಚಲನೆ ಎಂದು ಮೈಕಿನಲ್ಲಿ ಸಾರಿದ. ಎಂಟೋ ಹತ್ತೋ ಸೆಕೆಂಡು ಇರಬೇಕು. ಆಮೇಲೆ ಅವರು ಎರಡು ಕೈಯಿಂದ ಆತನ ಮಣಿಕಟ್ಟು ಹಿಡಿದು ತಿರುಚಿ ಕಿತ್ತೆಸೆದರು. ಕೆಮ್ಮಿನ ರಭಸಕ್ಕೆ ಕಫ ಸ್ಕಾರ್ಫ್ ದಾಟಿ ಬ್ಲೇಜರಿನ ತೋಳಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳುವಾಗಿನ ಆತನ ಮುಖಭಾವ ಹಿಂದಿನ ಪರದೆಯಲ್ಲಿ ಹತ್ತಡಿ ಎತ್ತರಕ್ಕೆ ಕಂಡಿತು.

ಅಷ್ಟರಲ್ಲಿ ನಾನು ಮೆಟ್ಟಿಲ ಬಳಿ ತಲುಪಿದ್ದೆ. “ರೀ, ಅವರು ಉಸಿರಾಡೋದೇ ಅಲ್ಲಿಂದ! ಇನ್ನೊಂದು ನಿಮಿಷ ಹಿಡಿದಿದ್ರೆ ಸತ್ತೋಗ್ತಿದ್ರು!”

ಆತ ನನ್ನ ಕಡೆ ನೋಡಲೂ ಇಲ್ಲ. ಸಭೆಗೆ ಮೈಕಿನಲ್ಲಿ ಹೇಳಿದ: “ನೋಡಿದ್ರಾ ಪ್ರಿಯರೇ? ಕರ್ತನು ಕೊಡೋಕೆ ಸಿದ್ಧನಾಗಿದ್ದ. ತಗೊಳ್ಳೋ ವಿಶ್ವಾಸ ಈ ಸಹೋದರಿಗೆ ಸಾಲದು.”

ಜಯರಾಜನ ತಲೆ ತಗ್ಗಿತು. ಕೃಪಾವತಿ ಮೆಟ್ಟಿಲಿಳಿದು, ಯಾರ ಕಡೆಗೂ ನೋಡದೆ, ನೇರವಾಗಿ ನಡೆದು ಹೊರಗೆ ಬಂದರು. ಫುಟ್‌ಪಾತಿನಲ್ಲಿ ಎಳನೀರಿನ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತು ಸ್ಕಾರ್ಫ್ ಬದಲಿಸಿಕೊಂಡರು. ಆ ಹೊತ್ತಿನಲ್ಲಿ ನಾನು ಮಾಡಬೇಕಾದದ್ದು ಸುಮ್ಮನೆ ಪಕ್ಕದಲ್ಲಿ ಕೂರುವುದು. ಆದರೆ ಗೆದ್ದ ಉಬ್ಬರ ನನ್ನಲ್ಲಿತ್ತು.

“ಈಗಲಾದ್ರೂ ಗೊತ್ತಾಯ್ತಾ ಮೇಡಂ? ಇಷ್ಟೇ ಇವರ ದೇವರು. ಇನ್ನಾದ್ರೂ ಆ ಎರಡು ನಿಮಿಷ ಉಳಿಸಿ, ಗಾಳಿ ಎಳೆಯೋದು ಪ್ರಾಕ್ಟೀಸ್ ಮಾಡಿ.”

ಅವರು ನೋಟ್‌ಬುಕ್ ತೆಗೆದರು. ಆಗಲೂ ಅಕ್ಷರ ದುಂಡಗಿತ್ತು.

“ನೀವೂ ಅವನೂ ಒಂದೇ. ಧ್ವನಿ ಬಂದರೆ ದೇವರಿದ್ದಾನೆ ಎನ್ನುತ್ತಾನೆ ಅವನು. ಬರದಿದ್ದರೆ ದೇವರಿಲ್ಲ ಎನ್ನುತ್ತೀರಿ ನೀವು. ಇಬ್ಬರಿಗೂ ಬೇಕಾಗಿರುವುದು ನನ್ನ ಗಂಟಲು. ನಾನಲ್ಲ.”

ಹಾಳೆ ಹರಿದು ನನ್ನ ಕೈಗಿಟ್ಟು, ಅಷ್ಟರಲ್ಲಿ ಹೊರಗೆ ಬಂದ ತಮ್ಮನ ಸ್ಕೂಟರ್ ಹತ್ತಿ ಹೋದರು. ನನಗಿಂತ ಕಡಿಮೆ ಎಂದು ನಾನು ಬಗೆದವನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ಇಬ್ಬರನ್ನೂ ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದರು. ಅವಮಾನ ಆಯಿತು. ಸಿಟ್ಟೂ ಬಂತು. ನಾಳೆ ಈಕೆ ಬರುವುದಿಲ್ಲ ಎಂದುಕೊಂಡೆ. ಬರದಿದ್ದರೆ ಒಳ್ಳೆಯದು ಎಂದೂ ಅಂದುಕೊಂಡೆ.

ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಅವರು ಬಂದರು. ಕುಳಿತರು. ಕಣ್ಣು ಮುಚ್ಚಿದರು. ನಾನು ಕೈಕಟ್ಟಿ ಕೂತೆ. ಕಣ್ಣು ತೆರೆದ ಮೇಲೆ, ನಾನು ಕೇಳದೆಯೇ, ಅರ್ಧ ಪುಟ ಬರೆದರು. ಆ ಪುಟ ನನ್ನ ಹತ್ತಿರ ಈಗಲೂ ಇದೆ.

“ನೀವು ಒಂದು ದಿನ ಕೇಳಿದಿರಿ, ಏನು ಬೇಡುತ್ತೀರಿ ಎಂದು. ಗಂಟಲು ಬೇಡುವುದಿಲ್ಲ. ನಾನು ನಂಬಿದವನು ಶಿಲುಬೆಯ ಮೇಲಿದ್ದಾಗ ಯಾರೂ ಬಂದು ಇಳಿಸಲಿಲ್ಲ. ಕೊನೆಯವರೆಗೂ ತಡೆದುಕೊಂಡ. ನನಗೂ ಅಷ್ಟೇ ಸಾಕು, ತಡೆದುಕೊಳ್ಳುವ ಬಲ. ಬೆಳಿಗ್ಗೆ ಎದ್ದಾಗ ಕಫದ ವಾಸನೆ, ಮೆಟ್ರೋದಲ್ಲಿ ಪಕ್ಕದವರು ಎದ್ದು ಹೋಗುವುದು, ಇಲ್ಲಿ ಬಂದು ತೇಗುವುದು. ನನ್ನ ಸ್ವಂತ ಬಲದಲ್ಲಿ ಆಗಿದ್ದರೆ ಎರಡನೇ ದಿನವೇ ಬಿಡುತ್ತಿದ್ದೆ. ಇನ್ನೊಂದು ವಿಷಯ. ಹತ್ತನೆಯ ದಿನದಿಂದ ನಿಮ್ಮನ್ನು ಸಹಿಸಿಕೊಳ್ಳುವ ಬಲವನ್ನೂ ಕೇಳುತ್ತಿದ್ದೇನೆ. ಅದು ಸಿಕ್ಕಿದೆ.”

ಕೊನೆಯ ವಾಕ್ಯ ಓದಿ ತಲೆಯೆತ್ತಿದರೆ ಅವರು ನಗುತ್ತಿದ್ದರು. ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು. ನನಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. “ಸಾರಿ ಮೇಡಂ” ಎಂದೆ. ಅವರು ಕೈಯಾಡಿಸಿದರು, ಪಾಠ ಶುರುವಾಗಲಿ ಎಂಬಂತೆ.

ಇದಾದ ಹನ್ನೊಂದು ದಿನಕ್ಕೆ ಅವರು ಕೋಣೆಗೆ ಬಂದವರೇ, ಕೂರದೆ, ಬರೆದು ತೋರಿಸಿದರು: “ಇವತ್ತು ಬೆಳಿಗ್ಗೆ ಪ್ರಾರ್ಥನೆ ಮಾಡುವಾಗ ಏನೋ ಸದ್ದು ಬಂತು. ಕೇಳಿ.” ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ನಾಲ್ಕು ಸಲ ಏನೂ ಇಲ್ಲ. ಐದನೆಯ ಸಲ ಹಳೆಯ ಬಾಗಿಲು ತೆರೆದ ಹಾಗೆ, ಒರಟಾಗಿ, ಗಂಟಲಿನ ಆಳದಿಂದ ಒಂದು ‘ಕಾ’ ಬಂತು.

“ಏನ್ ಹೇಳ್ತಿದ್ರಿ?”

ಬರೆದರು: “ಕರ್ತನೇ, ಕಾಪಾಡು.”

ನನಗೆ ತಕ್ಷಣ ಅರ್ಥವಾಯಿತು, ನನ್ನ ದಡ್ಡತನವೂ ಸೇರಿ. ಕ, ತ, ಕ, ಪ, ಡ. ಒಂದರ ಹಿಂದೆ ಒಂದು ಒತ್ತಿ ಹೇಳುವ ಅಕ್ಷರಗಳೇ. ಆ ಒತ್ತಡಕ್ಕೆ ಗಾಳಿ ತಾನಾಗಿ ಅನ್ನನಾಳಕ್ಕೆ ಇಳಿದಿತ್ತು. ನಾನು ಅಭಿಮಾನದಿಂದ ಹಿಡಿದು ಕೂತಿದ್ದ ಕ್ರಮ ಅವರ ಗಟ್ಟಿಯಾದ ಕುತ್ತಿಗೆಗೆ ಹೊಂದುವಂಥದ್ದೇ ಅಲ್ಲ. ಎರಡನೆಯ ಕ್ರಮವನ್ನು ಮೊದಲ ವಾರದಲ್ಲೇ ಪ್ರಯತ್ನಿಸಬೇಕಿತ್ತು. ಏಳೆಂಟು ವಾರ ನಾನು ವ್ಯರ್ಥ ಮಾಡಿದ್ದೆ, ಅವರ ಪ್ರಾರ್ಥನೆಯ ಎರಡು ನಿಮಿಷವನ್ನು ಲೆಕ್ಕ ಹಾಕುತ್ತ.

“ಇದು ದೇವರದ್ದಲ್ಲ ಮೇಡಂ, ಕಕಾರದ್ದು,” ಎಂದೆ. ಚಾಳಿ ಅಷ್ಟು ಬೇಗ ಹೋಗುವುದಿಲ್ಲ.

ಅವರು ಬರೆದರು: “ಕಕಾರ ಅವನದಲ್ಲ ಎಂದು ನಾನು ಯಾವಾಗ ಹೇಳಿದೆ?”

ಮಾರ್ಚ್‌ನಿಂದ ವಾರಕ್ಕೆ ಐದು ದಿನ ಮಾಡಿದೆವು. ನಾನು ‘ಪಾಪ’ ಎಂಬ ಪದ ಕೊಟ್ಟರೆ ಅವರು ತಲೆಯಾಡಿಸಿ, ಅದನ್ನು ಭಾನುವಾರಗಳಲ್ಲಿ ಸಾಕಷ್ಟು ಕೇಳಿದ್ದೇನೆ, ಬೇರೆ ಕೊಡಿ ಎಂದು ಬರೆಯುವರು. ಕಾಪಿ, ಪಾಟಿ, ಟೊಪ್ಪಿ, ಕಾಗದ. ಏಪ್ರಿಲ್ ಹೊತ್ತಿಗೆ ಎರಡಕ್ಷರ, ಮೂರಕ್ಷರ. ಮೇ ಮಧ್ಯದಲ್ಲಿ ಒಂದು ಸಲ ಇಳಿಸಿದ ಗಾಳಿಗೆ ಐದು ಅಕ್ಷರ. ಗಂಡು ಧ್ವನಿಯೂ ಅಲ್ಲದ ಹೆಣ್ಣು ಧ್ವನಿಯೂ ಅಲ್ಲದ ಒಂದು ಒಡಕು ದನಿ. ಜಯರಾಜ ಈ ಹೊತ್ತಿಗೆ ಬಿಟಿಎಂಗೆ ಹೋಗುವುದನ್ನು ಬಿಟ್ಟಿದ್ದ. ಸ್ಟೋಮಾ ಕ್ಲೀನ್ ಮಾಡುವುದನ್ನು ನಮ್ಮ ನರ್ಸ್ ಹತ್ತಿರ ಕಲಿತ. ಒಂದು ದಿನ ಕಾರಿಡಾರ್‌ನಲ್ಲಿ ನನ್ನನ್ನು ತಡೆದು, “ಅವತ್ತು ಅಕ್ಕ ಸತ್ತೋಗಿದ್ರೆ ಮೇಡಂ?” ಎಂದ. ಉತ್ತರಕ್ಕೆ ಕಾಯದೆ ಹೋದ.

ಇನ್ನು ಶಾಲೆ. ಮೇ ಕೊನೆಯ ವಾರ ಕಾರ್ಯದರ್ಶಿ ಕರೆದರು. ವರದಿ ಹಿಡಿದು ನಾನೂ ಹೋದೆ. ಆ ಮನುಷ್ಯನ ಕೊಠಡಿಯ ಗೋಡೆಯಲ್ಲಿ ‘ಎಲ್ಲರನ್ನೂ ಒಳಗೊಳ್ಳುವ ಶಾಲೆ’ ಎಂಬ ಚೌಕಟ್ಟು ಹಾಕಿದ ಪ್ರಮಾಣಪತ್ರವಿತ್ತು. ಅದರ ಕೆಳಗೆ ಕುಳಿತು ಆತ ಒಳಗೊಳ್ಳಲಾಗದ ಕಾರಣಗಳನ್ನು ವಿವರಿಸಿದ. ಮುಗುಳ್ನಗೆ ಒಮ್ಮೆಯೂ ಮಾಸಲಿಲ್ಲ. ಎಲ್ಲವನ್ನೂ ನನಗೇ ಹೇಳಿದ. ಮಾತಾಡಬೇಕಾದವರು ಪಕ್ಕದಲ್ಲೇ ಇದ್ದರು.

“ನಮಗೂ ಮೇಡಂ ಮೇಲೆ ತುಂಬಾ ರೆಸ್ಪೆಕ್ಟ್ ಇದೆ. ಆದ್ರೆ ಪೇರೆಂಟ್ಸ್ ಒಪ್ಪಲ್ಲ. ಲೈಬ್ರರಿಲಿ ಕೂತ್ಕೊಳ್ಳಲಿ, ಆರಾಮಾಗಿ. ಇಲ್ಲಾಂದ್ರೆ ವಾಲಂಟರಿ ರಿಟೈರ್ಮೆಂಟ್. ಆ ವಾಯ್ಸ್ ಕೇಳಿದ್ರೆ ಮಕ್ಳು ಹೆದರ್ಕೋತಾರೆ, ಅರ್ಥ ಮಾಡ್ಕೊಳ್ಳಿ.”

ಕೃಪಾವತಿ ಬಾಯಿ ಬಿಗಿದು ಗಾಳಿ ಇಳಿಸಿದರು. “ಎರಡ್ ದಿನ… ಭಯ ಪಡ್ತಾರೆ. ಮೂರ್ನೇ ದಿನ… ಪಾಠ ಕಲೀತಾರೆ.”

ಆ ದನಿಗೆ ಕಾರ್ಯದರ್ಶಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. ಹೆದರಿದ್ದು ಮಕ್ಕಳಲ್ಲ. ನಾನು ವರದಿಯನ್ನು ಮೇಜಿನ ಮೇಲಿಟ್ಟು, ಅವರು ಪಾಠ ಮಾಡಲು ಸಮರ್ಥರು ಎಂದು ನಾನೂ ಸರ್ಜನ್ ಇಬ್ಬರೂ ಸಹಿ ಮಾಡಿದ್ದೇವೆ, ಇಲ್ಲ ಎನ್ನುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಿ ಎಂದೆ. ಲಿಖಿತ ಎಂಬ ಪದಕ್ಕೆ ಇಂಥವರು ಅಂಜುವಷ್ಟು ದೇವರಿಗೂ ಅಂಜುವುದಿಲ್ಲ. ಜೂನ್ ಮೊದಲ ವಾರ ಒಂದು ತರಗತಿ ಪರೀಕ್ಷಾರ್ಥ ಮಾಡಿ ತೋರಿಸಲಿ ಎಂದು ಒಪ್ಪಿದ.

ಎಂಟನೇ ತರಗತಿ, ನಲವತ್ತೆರಡು ಮಕ್ಕಳು. ನಾನೂ ಕಾರ್ಯದರ್ಶಿಯೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತೆವು. ಸೊಂಟಕ್ಕೆ ಪುಟ್ಟ ಸ್ಪೀಕರ್, ಬಾಯಿಯ ಹತ್ತಿರ ಸಣ್ಣ ಮೈಕ್ ಕಟ್ಟಿಕೊಂಡು ಕೃಪಾವತಿ ಬಂದರು. “ಕೂತ್ಕೊಳ್ಳಿ” ಎಂದರು. ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಇಡೀ ತರಗತಿಗೆ ಹಬ್ಬಿತು. ಕಾರ್ಯದರ್ಶಿ ನನ್ನ ಕಡೆ ತಿರುಗಿ ಅದೇ ಮುಗುಳ್ನಗೆ ತೋರಿಸಿದ.

“ನಗಿ,” ಎಂದರು ಕೃಪಾವತಿ. “ಐದ್ ನಿಮಿಷ ಕೊಡ್ತೀನಿ.”

ಕೈಕಟ್ಟಿ ಮೇಜಿಗೆ ಒರಗಿ ನಿಂತರು. ಅನುಮತಿ ಸಿಕ್ಕಿದ ನಗು ಒಂದು ನಿಮಿಷವೂ ಉಳಿಯಲಿಲ್ಲ. ಆಮೇಲೆ ಬೋರ್ಡಿನ ಮೇಲೆ ದೊಡ್ಡದಾಗಿ ‘ಹ’ ಎಂದು ಬರೆದರು.

ಇಲ್ಲಿ ಒಂದು ವಿವರ ಬೇಕು. ಹಕಾರ ಹುಟ್ಟುವುದು ಶ್ವಾಸಕೋಶದಿಂದ ನೇರ ಬರುವ ಉಸಿರಿನಿಂದ. ಅನ್ನನಾಳದಲ್ಲಿ ಮಾತಾಡುವವರಿಗೆ ಅದು ಸಾಧ್ಯವಿಲ್ಲ. ನಾನು ಅವರಿಗೆ ಹಕಾರ ಬರುವ ಪದಗಳನ್ನು ತಪ್ಪಿಸಿ ಮಾತಾಡಿ ಎಂದು ಹೇಳಿಕೊಟ್ಟಿದ್ದೆ.

“ಈ ಅಕ್ಷರ… ನನಗಿನ್ನು ಬರಲ್ಲ,” ಎಂದರು. “ನೀವು ‘ಆಲು’ ಅಂದಾಗ… ಇಪ್ಪತ್ತೆಂಟ್ ವರ್ಷ… ತಿದ್ದಿದೀನಿ. ಈಗ ನಾನೇ… ‘ಆಲು’ ಅಂತೀನಿ. ಇನ್ಮೇಲೆ… ನೀವು ತಿದ್ದಿ.”

ಮುಂದಿನ ಬೆಂಚಿನಿಂದ ಎರಡು ಜಡೆಯ ಒಬ್ಬ ಹುಡುಗಿ ಮೆಲ್ಲಗೆ, “ಹಾಲು, ಮಿಸ್,” ಎಂದಳು.

“ಜೋರಾಗಿ.”

“ಹಾಲು!” ಎಂದಿತು ಇಡೀ ಕೋಣೆ. ಹೂವು, ಹಣ್ಣು, ಹಕ್ಕಿ, ಹೃದಯ. ಅವರು ಬೋರ್ಡಿನಲ್ಲಿ ಬರೆಯುತ್ತ ಹೋದರು, ಮಕ್ಕಳು ಕಿಟಕಿಯ ಗಾಜು ಅದುರುವಂತೆ ಕೂಗುತ್ತ ಹೋದರು. ನಲವತ್ತು ನಿಮಿಷದಲ್ಲಿ ಅವರು ವ್ಯಾಕರಣದ ಒಂದು ಅಧ್ಯಾಯ ಮುಗಿಸಿ, ಮನೆಗೆಲಸವನ್ನೂ ಕೊಟ್ಟರು. ಕಾರ್ಯದರ್ಶಿ ಎದ್ದು, “ಟ್ರಯಲ್ ಬೇಸಿಸ್ ಮೇಲೆ ಕಂಟಿನ್ಯೂ ಮಾಡಲಿ” ಎಂದು ಗೊಣಗಿ ಹೋದ. ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಅದೇ ಮನುಷ್ಯ ಅವರನ್ನು ವೇದಿಕೆಗೆ ಕರೆದು, ಶಾಲೆ ನೀಡಿದ ಬೆಂಬಲದ ಬಗ್ಗೆ ಭಾಷಣ ಮಾಡಿದನಂತೆ. ಇಂಥವರಿಗೆ ನಾಚಿಕೆಯೂ ಒಂದು ಅಂಗವಾಗಿದ್ದರೆ ಅದನ್ನು ಯಾವ ಆಪರೇಷನ್‌ನಲ್ಲಿ ತೆಗೆಸಿಕೊಂಡರೋ ತಿಳಿಯದು.

ಡಿಸೆಂಬರಿನಲ್ಲಿ ಕೃಪಾವತಿ ಫೋನ್ ಮಾಡಿದರು. ವಿಲ್ಸನ್ ಗಾರ್ಡನ್ ಕಡೆಯ ತಮ್ಮ ಹಳೆಯ ಚರ್ಚಿನಲ್ಲಿ ಆ ಭಾನುವಾರ ಬೈಬಲಿನಿಂದ ವೇದಪಾಠ ಓದುವ ಸರದಿ ಅವರದು. ಓದಲು ಕೇಳಿದವರು ಅಲ್ಲಿನ ಪಾದ್ರಿ ಅಯ್ಯನವರೇ. “ಬರ್ತೀರಾ?” ಎಂದರು. ಹೋದೆ. ಕೃಪಾವತಿ ಎದ್ದು ನಿಂತ ಕೂಡಲೇ ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬರು “ಅಯ್ಯೋ ಪಾಪ” ಎಂದು ನಿಟ್ಟುಸಿರುಬಿಟ್ಟರು. ನಾನು ಅವರ ಕಡೆ ತಿರುಗಿ ನೋಡಿದ್ದಕ್ಕೆ ಮತ್ತೆ ಬಾಯಿ ತೆರೆಯಲಿಲ್ಲ. ಕೃಪಾವತಿ ಓದಿದರು. ಬೇರೆಯವರು ಎರಡು ನಿಮಿಷದಲ್ಲಿ ಓದುವುದಕ್ಕೆ ಅವರಿಗೆ ಏಳು ನಿಮಿಷ ಬೇಕಾಯಿತು. ಪ್ರತಿ ನಾಲ್ಕೈದು ಅಕ್ಷರಕ್ಕೆ ನಿಂತು, ಗಾಳಿ ಇಳಿಸಿ, ಮತ್ತೆ ಮುಂದಕ್ಕೆ. ಒಂದು ಕಡೆ ಕೆಮ್ಮು ಬಂತು. ಸ್ಕಾರ್ಫ್ ಸರಿಮಾಡಿಕೊಂಡು, ನಿಂತ ಪದದಿಂದಲೇ ಮುಂದುವರಿಸಿದರು. ಮುಗಿದ ಮೇಲೆ ಪುಸ್ತಕ ಮುಚ್ಚಿ ತಮ್ಮ ಬೆಂಚಿಗೆ ಬಂದು ಕುಳಿತರು, ಅಷ್ಟೇ. ಚಪ್ಪಾಳೆ ಇಲ್ಲ, ಮೈಕಿನ ಘೋಷಣೆ ಇಲ್ಲ. ಜಯರಾಜ ಮಾತ್ರ ಮುಖ ಒರೆಸಿಕೊಂಡ.

ಅವರು ಈಗಲೂ ಪಾಠ ಮಾಡುತ್ತಿದ್ದಾರೆ. ಕ್ಯಾನ್ಸರ್ ಮರಳಿಲ್ಲ. ಬಿಟಿಎಂನ ಆ ಹಾಲ್ ಈಗ ಸಾಲದೆ ಬ್ರದರ್ ಇನ್ನೂ ದೊಡ್ಡದಕ್ಕೆ ಹೋಗಿದ್ದಾನೆ ಎಂದು ಕೇಳಿದ್ದೇನೆ. ಅವನ ಬಗ್ಗೆ ನನ್ನ ತಿರಸ್ಕಾರ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ನಾನು ನಂಬುವವಳೂ ಆಗಿಲ್ಲ. ಆದರೆ ಆ ಹೆಂಗಸು ದಿನವೂ ಎಲ್ಲಿಂದಲೋ ಬಲ ತಂದುಕೊಂಡು ಬರುತ್ತಿದ್ದದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಅದು ನನ್ನಿಂದ ಬಂದದ್ದಲ್ಲ, ಆಸ್ಪತ್ರೆಯಿಂದ ಬಂದದ್ದಲ್ಲ. ಎಲ್ಲಿಂದ ಬಂತೆಂದು ಅವರು ಹೇಳಿದ್ದಾರೆ. ಅದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇಲ್ಲ.

ನಮ್ಮ ವಿಭಾಗದ ಫಾರಂನಲ್ಲಿ ‘ರೋಗಿಯ ಮನೋಬಲ’ ಎಂಬ ಒಂದು ಕಾಲಂ ಇದೆ. ಉತ್ತಮ, ಸಾಧಾರಣ, ಕಳಪೆ. ಮೂವತ್ತನಾಲ್ಕು ವರ್ಷ ನಾನು ಅದನ್ನು ಮೊದಲ ದಿನವೇ, ರೋಗಿಯ ಹಣೆ, ಕೊರಳು, ಕೈಗೆ ಕಟ್ಟಿದ ದಾರ ನೋಡಿ ತುಂಬಿಸಿಬಿಡುತ್ತಿದ್ದೆ. ನಿವೃತ್ತಿಯ ಹಿಂದಿನ ವಾರ ಹೊಸದಾಗಿ ಸೇರಿದ ಥೆರಪಿಸ್ಟ್ ಹುಡುಗಿ ಆ ಕಾಲಂ ಮೇಲೆ ಬೆರಳಿಟ್ಟು, “ಇದಕ್ಕೆ ಏನ್ ಹಾಕ್ಲಿ ಮೇಡಂ?” ಎಂದು ಕೇಳಿದಳು.

“ನಿನಗೆ ಹೇಗೆ ಗೊತ್ತಾಗುತ್ತೆ? ಖಾಲಿ ಬಿಡು,” ಎಂದೆ.